ಒಣಗಬಾರದ ಗಾಜು

"ಇವನನ್ನು ನೀರಿಗೆ ಹಾಕಿ ಮೂರು ದಿನ ಕಲಕಿದರೂ ಏನೂ ಕರಗೋದಿಲ್ಲ, ತಳದಲ್ಲಿ ಬರೀ ಗಸಿ ನಿಲ್ಲುತ್ತೆ" ಅಂದರು ಚನ್ನವೀರಯ್ಯನವರು, ಕೌಂಟರಿನ ಆಚೆ ನಿಂತಿದ್ದ ಐವತ್ತು ಜನಕ್ಕೂ ಕೇಳುವ ಹಾಗೆ. "ಏಳನೇ ಕ್ಲಾಸಿಗೇ ಚೀಲ ಬಿಸಾಕಿ ಬಂದ ಪ್ರಾಣಿ ಇದು. ಬಾಟಲಿಯ ಕತ್ತು ಒರೆಸಪ್ಪಾ ಅಂದರೆ ಅದೂ ಕೈಲಾಗಲಿಲ್ಲ. ನಿಮ್ಮ ಮನೆಯವರು ವಾಂತಿ ಮಾಡಿಕೊಂಡು ಆಸ್ಪತ್ರೆಯಲ್ಲಿ ಬಿದ್ದಿರೋದಕ್ಕೆ ಕಾರಣ ಬೇಕಾ? ಇಗೋ, ಇಲ್ಲಿ ನಿಂತಿದೆ ನೋಡಿ." ಕೈಯಲ್ಲಿದ್ದ ಗಾಜಿನ ಕಡ್ಡಿಯನ್ನು ನನ್ನ ಎದೆಗೆ ತಾಗಿಸಿದರು.

ಸಾಲಿನಲ್ಲಿ ಯಾರೋ ನಕ್ಕರು. ಹೆಂಗಸೊಬ್ಬಳು ನಗಲಿಲ್ಲ, ನೆಲಕ್ಕೆ ಉಗಿದಳು. "ಕತ್ತು ಒರೆಸಿದ್ದೆ ಸಾರ್. ಗಾಜು ಒಣಗಿಸಿದ್ದು ಕೆಟ್ಟದ್ದು. ಒಣಗಿಸು ಅಂದವರು ನೀವು" ಅಂದೆ. ಅವರು ಜನರ ಕಡೆ ತಿರುಗಿ ಎರಡೂ ಕೈ ಎತ್ತಿದರು. "ಕೇಳಿದಿರಾ? ಮೂವತ್ತೆಂಟು ವರ್ಷ ಸರ್ಕಾರಿ ರಸಾಯನಶಾಲೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ ಪಾತ್ರೆ ತೊಳೆಯುವವನು ಪಾಠ ಹೇಳ್ತಾನೆ!" ಅವರ ಹಿಂದೆ ಕುರ್ಚಿಯಲ್ಲಿ ಕೂತಿದ್ದ ತಪಾಸಣೆ ಅಧಿಕಾರಿ, ಹೊರಗಿನ ಊರಿನವನು, ಚಹಾದ ಲೋಟ ಬಾಯಿಗೆ ಅಡ್ಡ ಹಿಡಿದು ನಕ್ಕ. ಚನ್ನವೀರಯ್ಯ ಸಾಹೇಬರು ನನ್ನ ರಬ್ಬರ್ ಏಪ್ರನ್ನು ಬಿಚ್ಚಿಸಿಕೊಂಡರು. "ನಾಳೆಯಿಂದ ಈ ಕಡೆ ಮುಖ ಹಾಕಬೇಡ."

ನಮ್ಮೂರಿನಲ್ಲಿ ಒಣಗಿದ ಬಿಳಿ ಪುಡಿಯನ್ನು ಯಾರೂ ನಂಬುವುದಿಲ್ಲ. ರಾತ್ರಿ ಉಪ್ಪು ಅಂತ ಮುಚ್ಚಿಟ್ಟದ್ದು ಬೆಳಕು ಹರಿಯುವ ಹೊತ್ತಿಗೆ ಸಕ್ಕರೆ ಆಗಿರಬಹುದು, ಪಟಿಕ ಆಗಿರಬಹುದು, ಬಟ್ಟೆ ಸೋಡಾ, ಪಟಾಕಿ ಮದ್ದಿನ ಪೆಟ್ಲುಪ್ಪು, ಕೆಟ್ಟ ಗಳಿಗೆಯಾದರೆ ಇಲಿ ಪಾಷಾಣ. ನೀರಿನಲ್ಲಿ ಕರಗಿದ್ದು ಮಾತ್ರ ಮಾತು ತಪ್ಪುವುದಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಉಪ್ಪಿನ ಡಬ್ಬಿ ಇಲ್ಲ, ಉಪ್ಪುನೀರಿನ ಗಡಿಗೆ ಇದೆ. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಎಷ್ಟು ಗಡಿಗೆ ಇವೆ ಅಂತ ಮೊದಲು ಎಣಿಸುತ್ತಾರೆ. ಮಂಡಕ್ಕಿ ಮಾರುವವನು ಎಲೆಯಿಂದ ಉಪ್ಪುನೀರು ಚಿಮುಕಿಸುತ್ತಾನೆ. ಹಿಟ್ಟು ಬೀಸಿದ ದಿನವೇ ಬೇಯಬೇಕು. ಬಿಳಿಯದನ್ನು ಕಂಡು ಮಗು ನಾಲಿಗೆ ಚಾಚಿದರೆ ಎಂಥಾ ಮುದ್ದಿನ ತಾಯಿಯೂ ಬಾಯಿಗೆ ಬಾರಿಸುತ್ತಾಳೆ.

ಹೊರಗಿನಿಂದ ಬರುವ ಉಪ್ಪಿನ ಮೂಟೆ ದಾರಿಯಲ್ಲಿ ಎಷ್ಟು ಬೆಳಗು ಕಂಡಿರುತ್ತದೋ ದೇವರಿಗೇ ಗೊತ್ತು. ಅದು ಬಂದ ಬೆಳಿಗ್ಗೆ ರಸಾಯನಶಾಲೆಯಲ್ಲಿ ಪರೀಕ್ಷೆಯಾಗಿ, ಚೀಟಿ ಸಿಕ್ಕಿ, ಅದೇ ಹಗಲು ಕೇರಿಯ ತೊಟ್ಟಿಯಲ್ಲಿ ಕರಗಬೇಕು. ಆರು ಗಂಟೆಗೆ ಕೌಂಟರು ತೆರೆಯುತ್ತದೆ. ಯಾರು ಏನು ತಂದರೂ ಬೇಡ ಅನ್ನುವ ಹಾಗಿಲ್ಲ, ಇದೇನು ಎಲ್ಲಿಯದು ಅಂತ ಕೇಳುವ ಹಾಗಿಲ್ಲ. ಕೇಳಿದರೆ ಕಣ್ಣು ಪಕ್ಷಪಾತ ಮಾಡುತ್ತದಂತೆ. ಚಿಟಿಕೆಯನ್ನು ಗಾಜಿನ ನಳಿಗೆಯಲ್ಲಿ ಕರಗಿಸಿ ಮೇಲಿಂದ, ಬೆಳ್ಳಿಯ ಲವಣ ಕರಗಿಸಿದ ಬೆಳ್ಳಿನೀರು ಒಂದು ಹನಿ ಬಿಡುತ್ತಾರೆ. ಮೊಸರು ಒಡೆದ ಹಾಗೆ ಬೆಳ್ಳಗಾದರೆ ಉಪ್ಪು. ತಿಳಿಯಾಗೇ ಉಳಿದರೆ ಬೇರೆ ಏನೋ. ತಂದವರು ಯಾರು, ಏನು ಬಂತು ಅಂತ ಸಾಲಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು, ಆಮೇಲೆ ಚೀಟಿ.

ನನ್ನ ಕೆಲಸ ಗಾಜು ತೊಳೆಯುವುದು. ಕೆಲಸ ಕಲಿಸಿದವಳು ಹುಚ್ಚೀರಮ್ಮ, ನನಗಿಂತ ಮುಂಚೆ ಇಪ್ಪತ್ತಾರು ವರ್ಷ ಅಲ್ಲೇ ತೊಳೆದವಳು. ಅವಳು ಹೇಳಿಕೊಟ್ಟ ಶಾಸ್ತ್ರ ಒಂದೇ. "ಗಾಜು ಒಣಗಬಾರದು ಕಣೋ. ನಲ್ಲಿ ನೀರು ಒಣಗಿದ ಕಡೆ ಕಣ್ಣಿಗೆ ಕಾಣದ ಪೊರೆ ಕೂತಿರುತ್ತೆ. ತೆಳ್ಳಗಿನ ಪೊರೆ ಬೆಳಕು ಹರಿದರೆ ಯಾವಾಗಲೂ ಉಪ್ಪಿಗೇ ತಿರುಗುತ್ತೆ, ಬೇರೆ ಆಗಲ್ಲ." ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ, ಪುಸ್ತಕದಲ್ಲೂ ಬರೆದಿಲ್ಲ. ಅದಕ್ಕೇ ನಮ್ಮಲ್ಲಿ ನಳಿಗೆಗಳೆಲ್ಲ ಹಗಲೂ ರಾತ್ರಿ ಬಟ್ಟಿ ಇಳಿಸಿದ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತವೆ. ನನ್ನ ಬೆರಳು ಇಪ್ಪತ್ತೆರಡಕ್ಕೇ ಮುದುಕನ ಬೆರಳಿನ ಹಾಗೆ ಸುಕ್ಕುಗಟ್ಟಿವೆ.

ಸೋಮವಾರ ಆ ತಪಾಸಣೆ ಅಧಿಕಾರಿ ಬಂದ. ಅವನ ಊರಿನಲ್ಲಿ ಉಪ್ಪು ಉಪ್ಪಾಗೇ ಇರುತ್ತದಂತೆ. ತೊಟ್ಟಿಯೊಳಗೆ ಇಣುಕಿ, "ಇದೇನ್ರೀ, ಪಾತ್ರೆ ತೊಳೆಯೋ ಹಿತ್ತಲ ಥರ ಇದೆ? ಕೈಪಿಡಿಯಲ್ಲಿ ಚಿತ್ರ ನೋಡಿಲ್ವಾ? ಗಾಜು ಸಾಲಾಗಿ, ಒಣಗಿ, ಮಿಂಚಬೇಕು" ಅಂದ. ಚನ್ನವೀರಯ್ಯನವರ ಮುಖ ಕೆಂಪಾಯಿತು. ನಿವೃತ್ತಿಗೆ ಐದು ತಿಂಗಳು ಉಳಿದಿತ್ತು ಅವರಿಗೆ. ನನ್ನನ್ನು ಕರೆದು ಎಲ್ಲ ನಳಿಗೆಗಳನ್ನೂ ಸೋಡಾ ಹಾಕಿ ನಲ್ಲಿಯಲ್ಲಿ ತೊಳೆದು ಮರದ ಗೂಟಗಳಿಗೆ ಬೋರಲು ಹಾಕಲು ಹೇಳಿದರು. "ಸಾರ್, ಒಣಗಿಸಬಾರದು. ಬೆಳಿಗ್ಗೆ ಎಲ್ಲ ಉಪ್ಪು ತೋರಿಸುತ್ತೆ" ಅಂದೆ. "ಯಾರು ಹೇಳಿದ್ದು?" "ಹುಚ್ಚೀರಮ್ಮ." ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರೂ ಅವನ ಜೊತೆಗೆ ನಗಬೇಕಾಯಿತು. ನಗುತ್ತಲೇ ನನಗೆ, "ನಿನ್ನ ಕೆಲಸ ನೋಡು" ಅಂದರು. ನೋಡಿದೆ. ಇನ್ನೂರ ಹತ್ತು ನಳಿಗೆ, ಒಂದೊಂದಾಗಿ ಗೂಟಕ್ಕೆ ಹಾಕಿದೆ.

ಇದಕ್ಕೂ ಕೈಪಿಡಿಯಲ್ಲೇ ಒಂದು ಕಾವಲಿದೆ. ಬೆಳಿಗ್ಗೆ ಮೊದಲು ಬರೀ ಬಟ್ಟಿ ನೀರಿಗೆ ಬೆಳ್ಳಿನೀರಿನ ಹನಿ ಬಿಟ್ಟು ನೋಡಬೇಕು. ಅದು ತಿಳಿಯಾಗಿದ್ದರೆ ಮಾತ್ರ ಆ ದಿನದ ಪರೀಕ್ಷೆ ಶುರು. ಅದಕ್ಕೆ ಖಾಲಿ ಪರೀಕ್ಷೆ ಅನ್ನುತ್ತಾರೆ. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ. ಸಾಹೇಬರು ತಿಂಗಳ ಮೊದಲನೇ ತಾರೀಖೇ ಮೂವತ್ತು ಸಾಲಿಗೂ "ಸರಿ" "ಸರಿ" ಅಂತ ಬರೆದು ಮುಗಿಸಿಬಿಡುತ್ತಿದ್ದರು. ಸಾಲು ಉದ್ದ ಇರುತ್ತದೆ, ಜನ ಬೈಯುತ್ತಾರೆ, ಎಷ್ಟೋ ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಹೀಗೆ.

ಮಂಗಳವಾರ ಬೆಳಿಗ್ಗೆ ಕೆಳಕೇರಿಯ ಮೂಟೆಗೆ ಉಪ್ಪು ಅಂತ ಚೀಟಿ ಸಿಕ್ಕಿತು. ಸಂಜೆಗೆ ಕೆಳಕೇರಿಯ ಮೂವತ್ತೊಂದು ಜನ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದರು. ಸಹಾಯಕ ಕೆಮಿಸ್ಟು ಜುಲೇಖಾ ಮೇಡಂ ಕೆಳಕೇರಿಯ ತೊಟ್ಟಿಯ ನೀರಿನಲ್ಲಿ ಕಾಗದ ಅದ್ದಿ, ಒಲೆಯ ಮೇಲೆ ಒಣಗಿಸಿ ಕಡ್ಡಿ ಗೀರಿದರೆ ಕಾಗದ ಸುರ್‌ಸುರ್ ಅಂತ ಕಿಡಿ ಹಾರಿಸಿಕೊಂಡು ಉರಿಯಿತು. ಪೆಟ್ಲುಪ್ಪು. ಬುಧವಾರ ಬೆಳಿಗ್ಗೆ ಸಾಹೇಬರು ಕಾರಣ ಹುಡುಕಿದರು. ಬೆಳ್ಳಿನೀರಿನ ಬಾಟಲಿಯ ಕತ್ತಿನಲ್ಲಿ ಕಾಳಿನಷ್ಟು ಒಣ ಹೊಪ್ಪಳೆ ಕಂಡಿತಂತೆ, ಅದು ಉದುರಿ ಬೆಳ್ಳಿನೀರು ಕೆಡಿಸಿತಂತೆ. ಕತ್ತು ಒರೆಸುವವನು ನಾನು. ಅಷ್ಟು ಸಾಕಾಯಿತು.

ಏಪ್ರನ್ನು ಕಳೆದುಕೊಂಡು ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋದೆ. ಆ ಮೂವತ್ತೊಂದು ಜನರಲ್ಲಿ ನನ್ನ ಚಿಕ್ಕಮ್ಮ ತಿಪ್ಪಮ್ಮ ಒಬ್ಬಳು. ನನ್ನನ್ನು ಸಾಕಿದವಳು ಅವಳೇ. ತುಟಿ ಸೀಳಿತ್ತು, ಕಣ್ಣು ಗುಳಿ ಬಿದ್ದಿತ್ತು. ಪಕ್ಕದ ಮಂಚದವನು ನನ್ನನ್ನು ಕಂಡು ಗೋಡೆಯ ಕಡೆ ಹೊರಳಿದ. "ದುರುಗಾ, ಎಲ್ಲಾರೂ ನಿನ್ನ ಹೆಸರೇ ಹೇಳ್ತಾವ್ರೆ" ಅಂದಳು. "ನೀನು ಏನಾದ್ರೂ ಮಾಡಿದ್ಯೇನೋ?" "ಇಲ್ಲ." "ಇಲ್ಲ ಅಂದ್ಯಲ್ಲ, ಬಿಡು. ಬೊಗಳ್ಕೊಳ್ಳಿ." ಅಷ್ಟು ಹೇಳಲು ಅವಳಿಗೆ ಮೂರು ಸಲ ಉಸಿರು ಬೇಕಾಯಿತು.

ಔಷಧಿ ಅಂತ ಏನೂ ಇರಲಿಲ್ಲ. ಉಪ್ಪು ಸಕ್ಕರೆಯ ನೀರು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಆಸ್ಪತ್ರೆಯ ಉಪ್ಪುನೀರಿನ ಪೀಪಾಯಿಯನ್ನು ಬಗ್ಗಿಸಿ ತೋರಿಸಿದ ಗಾಡಿ ನೂಕುವ ಗುರುಬಸಪ್ಪ. "ಮೂವತ್ತು ಜನಕ್ಕೆ ಯಾವನು ಲೆಕ್ಕ ಹಾಕಿದ್ದ? ಇವತ್ತಿಗೆ ಮುಗೀತು. ನಾಳೆ ಬೆಳಿಗ್ಗೆ ನಮ್ಮ ಮೂಟೆ ಬರುತ್ತೆ. ಚೀಟಿ ಆಯ್ತು ಅಂದರೆ ಏಳಕ್ಕೆಲ್ಲ ಕರಗಿಸಿ ಎಲ್ಲಾರಿಗೂ ಕುಡಿಸೋದೆ." "ಗಾಜು ಎಲ್ಲಿದೆ? ಗೂಟದ ಮೇಲೇನಾ?" ಅಂದೆ. "ಯಾವ ಗಾಜೋ? ನಂಗೇನು ಗೊತ್ತು ನಿಮ್ಮ ಗಾಜು ಗೀಜು" ಅಂದ.

ಆ ಮೂಟೆ ಯಾವ ಪುಡಿಯಾಗಿ ಬಂದರೂ, ಆ ನಳಿಗೆಗಳಲ್ಲಿ ಅದು ಉಪ್ಪು. ಪಾಷಾಣವಾಗಿ ಬಂದರೂ ಉಪ್ಪು.

ಮಧ್ಯಾಹ್ನ ಮೂರಕ್ಕೆ ರಸಾಯನಶಾಲೆಯ ಹಿಂದಿನ ಕಿಟಕಿಗೆ ಹೋದೆ. ಜುಲೇಖಾ ಮೇಡಂ ಬಟ್ಟಿ ಯಂತ್ರದ ಹತ್ತಿರ ಒಬ್ಬರೇ ಇದ್ದರು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು, ಬೆಟ್ಟದಾಚೆಯ ಕಾಲೇಜಿನಲ್ಲಿ ಓದಿದವರು. "ಮೇಡಂ, ಗಾಜು ಇನ್ನೂ ಒಣಗಿದೆಯಾ?" "ಒಣಗಿದೆ. ಶುಕ್ರವಾರದ ತನಕ ತಪಾಸಣೆ ಇದೆಯಲ್ಲ." "ಖಾಲಿ ಪರೀಕ್ಷೆ?" ಅವರು ಬಾಗಿಲ ಕಡೆ ನೋಡಿದರು. "ನಾನು ಹೇಳಿದೆ ದುರುಗ. ಒಂದು ಸಲ ಮಾಡಿ ನೋಡೋಣ ಸಾರ್ ಅಂದೆ. ಆ ತಪಾಸಣೆಯವನ ಮುಂದೆ ಮಾಡಿದರೆ ಇಷ್ಟು ದಿನ ಮಾಡಿಲ್ಲ ಅಂತ ಒಪ್ಪಿಕೊಂಡ ಹಾಗಲ್ವಾ ಅಂದರು. ಹೊಸ ಬೆಳ್ಳಿನೀರು ಮಾಡಿದ್ದಾರೆ, ಅಷ್ಟಕ್ಕೇ ಎಲ್ಲ ಸರಿಹೋಯ್ತು ಅಂತ ನಂಬಿಕೊಂಡಿದ್ದಾರೆ." "ನೀವೇ ಕೂಗಿ ಹೇಳಿ." "ನನ್ನ ಪ್ರೊಬೇಶನ್ ಇನ್ನೂ ಎಂಟು ತಿಂಗಳಿದೆ" ಅಂದರು. ನಾಚಿಕೆಯಿಂದ ಅಂದರೋ ಸಿಟ್ಟಿನಿಂದಲೋ ತಿಳಿಯಲಿಲ್ಲ.

"ಹಾಗಾದ್ರೆ ಒಂದು ಬಾಟಲಿ ಬಟ್ಟಿ ನೀರು ಕೊಡಿ" ಅಂದೆ. ಯಾಕೆ ಅಂತ ಕೇಳಲಿಲ್ಲ. ಹೆಚ್ಚು ಓದಿದವರಿಗೆ ಕೆಲವೊಮ್ಮೆ ಬೇಗ ಹೊಳೆಯುತ್ತದೆ. ಅರಗಿನ ಮೊಹರು ಹಾಕಿದ, ಚನ್ನವೀರಯ್ಯನವರ ಸಹಿಯೂ ಅವತ್ತಿನ ತಾರೀಖೂ ಇದ್ದ ಬಾಟಲಿಯೊಂದನ್ನು ಕಿಟಕಿಯ ಸರಳಿನ ನಡುವೆ ತೂರಿಸಿದರು. "ನಾನು ಕೊಟ್ಟೆ ಅಂತ ಬಾಯಿಬಿಟ್ಟರೆ ನಿನ್ನ ಚರ್ಮ ಸುಲೀತೀನಿ."

ಗುರುವಾರ ಐದೂವರೆಗೇ ಸಾಲಿಗೆ ಬಂದೆ. ಮೊದಲ ಪಾಳಿ ಯಾವತ್ತೂ ಆಸ್ಪತ್ರೆಯದು, ಗುರುಬಸಪ್ಪ ಮೂಟೆಯನ್ನು ಗೇಟಿನ ಹೊರಗೆ ಗಾಡಿಯಲ್ಲಿಟ್ಟು ಅದರದೊಂದು ಚಿಟಿಕೆ ಪೊಟ್ಟಣ ಕಟ್ಟಿಕೊಂಡು ನಿಂತಿದ್ದ. ಅವನ ಹಿಂದೆ ನಾನು. ನನ್ನ ಹಿಂದೆ ಜನ ಸೇರುತ್ತಾ ಸೇರುತ್ತಾ ಗುಸುಗುಸು ಶುರುವಾಯಿತು. "ಇವನಲ್ವೇನೋ ಕೆಳಕೇರಿಗೆ ವಿಷ ಹಾಕಿದೋನು?" "ಯಾವ ಮುಖ ಇಟ್ಕೊಂಡು ಬಂದವ್ನೆ ನೋಡು." "ಏ, ಹಿಂದಕ್ಕೆ ಹೋಗೋ ಲೇ!" ದಪ್ಪಗಿನ ಒಬ್ಬ ನನ್ನ ಕಾಲರು ಹಿಡಿದು ಎಳೆದ. ಬಟ್ಟೆ ಹರಿಯಿತು. ನಾನು ಕೌಂಟರಿನ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬೆನ್ನಿಗೆ ಒಂದು ಗುದ್ದು ಬಿತ್ತು, ಆಮೇಲೆ ಇನ್ನೊಂದು. ಯಾರನ್ನೂ ತಿರುಗಿ ಹೊಡೆಯಲಿಲ್ಲ. ಹೊಡೆದಿದ್ದರೆ ಸರಳು ಬಿಡಬೇಕಾಗುತ್ತಿತ್ತು.

ಗುರುಬಸಪ್ಪನ ಕಿವಿಯಲ್ಲಿ ಹೇಳಿದೆ, "ಅಣ್ಣಾ, ಚೀಟಿ ಸಿಕ್ಕಿದ ಮೇಲೂ ನನ್ನ ಪಾಳಿ ಮುಗಿಯೋ ತನಕ ನಿಲ್ಲು. ನಿನ್ನ ಕಾಲು ಹಿಡೀತೀನಿ." ಅವನು ನನ್ನ ಹರಿದ ಕಾಲರು ನೋಡಿದ. "ಅಲ್ಲಿ ಮೂವತ್ತೊಂದು ಬಾಯಿ ಒಣಗ್ತಾ ಇವೆ, ನಾನು ಇಲ್ಲಿ ನಿಂತು ನಿನ್ನ ನಾಟಕ ನೋಡ್ಲಾ?" ಅಂದ.

ಆರಕ್ಕೆ ಕಿಟಕಿ ತೆರೆಯಿತು. ಒಣಗಿದ ನಳಿಗೆಗಳು ಗೂಟದ ಮೇಲೆ ಸಾಲಾಗಿ, ಮಿಂಚುತ್ತಾ ನಿಂತಿದ್ದವು. ತಪಾಸಣೆಯವನು ಕುರ್ಚಿಯಲ್ಲಿ. ಸಾಹೇಬರು ಗುರುಬಸಪ್ಪನ ಚಿಟಿಕೆ ಕರಗಿಸಿ ಹನಿ ಬಿಟ್ಟರು. ನಳಿಗೆ ಬೆಳ್ಳಗಾಯಿತು. "ಆಸ್ಪತ್ರೆ. ಉಪ್ಪು!" ಎಂದು ಕೂಗಿ ಚೀಟಿ ಹರಿದು ಕೊಟ್ಟರು. ಗುರುಬಸಪ್ಪ ಓಡಿದ. ಗಾಡಿಯ ಚಕ್ರ ಕಲ್ಲಿನ ಮೇಲೆ ಗಡಗಡ ಅನ್ನುವುದು ಕೇಳಿಸಿತು. ಆಸ್ಪತ್ರೆಗೆ ಹನ್ನೆರಡು ನಿಮಿಷದ ದಾರಿ. ಇಳಿಜಾರಾದ್ದರಿಂದ ಹತ್ತೇ ಅನ್ನಿ.

ನನ್ನನ್ನು ನೋಡಿ ಸಾಹೇಬರ ಹುಬ್ಬು ಗಂಟಾಯಿತು. "ನಿನ್ನನ್ನು ಬರಬೇಡ ಅಂದಿದ್ದೆ." "ಕೆಲಸಕ್ಕೆ ಬಂದಿಲ್ಲ ಸಾರ್. ಪರೀಕ್ಷೆಗೆ ಬಂದಿದ್ದೀನಿ" ಅಂದು ಚೊಂಬು ಮುಂದಿಟ್ಟೆ. ಬಾಟಲಿಯ ನೀರು ಅದರಲ್ಲಿತ್ತು. ಖಾಲಿ ಬಾಟಲಿ ಚೀಲದಲ್ಲಿ. "ಕರಗಿಸಿಕೊಂಡೇ ಬಂದಿದ್ದೀನಿ." "ಏನಿದು?" ಅಂದುಬಿಟ್ಟರು. ಸಾಲಿನ ಹಿಂದಿನಿಂದ ಒಬ್ಬ ಮುದುಕ ಗದರಿಸಿದ, "ಏನು ಅಂತ ಕೇಳೋ ಹಾಗಿಲ್ಲ ಸ್ವಾಮಿ! ಅವನು ಕಳ್ಳನೇ ಇರಲಿ, ಕಟ್ಟಳೆ ಕಟ್ಟಳೆಯೇ." ನನ್ನ ಬೆನ್ನಿಗೆ ಗುದ್ದಿದ್ದ ಜನರೇ "ಹೌದು ಹೌದು" ಅಂದರು.

ಸಾಹೇಬರು ಬೇಕಂತಲೇ ನಿಧಾನ ಮಾಡಿದರು. ಲೇಖನಿಗೆ ಮಸಿ ತುಂಬಿದರು. ಕನ್ನಡಕ ಒರೆಸಿಕೊಂಡರು. ಗಾಡಿಯ ಸದ್ದು ಅಷ್ಟರಲ್ಲಿ ಕೇಳದಾಗಿತ್ತು. ಸೇತುವೆ ದಾಟಿರಬಹುದು, ಎಣ್ಣೆ ಗಾಣದ ತಿರುವಿಗೆ ಬಂದಿರಬಹುದು. ಕೊನೆಗೂ ಒಂದು ನಳಿಗೆ ಎತ್ತಿಕೊಂಡು ಚೊಂಬಿನಿಂದ ಬಗ್ಗಿಸಿ, ಹನಿ ಬಿಟ್ಟರು. ಮೊದಲು ಹೊಗೆಯ ಎಳೆ ಇಳಿದ ಹಾಗೆ, ಆಮೇಲೆ ಪೂರ್ತಿ ಮೊಸರು.

"ಉಪ್ಪು" ಅಂದರು, ಬೇಸರದಿಂದ.

"ಜೋರಾಗಿ ಸಾರ್."

"ಉಪ್ಪು!"

ನಾನು ಚೊಂಬು ಎತ್ತಿ ಗಟಗಟ ಕುಡಿದೆ. ಸಾಲೆಲ್ಲ ಹೋ ಅಂದಿತು. ಕೌಂಟರಿನಲ್ಲಿ ಬಾಯಿಗೆ ಏನಾದರೂ ಹಾಕಿಕೊಂಡವನನ್ನು ನಮ್ಮೂರು ಅವತ್ತಿನ ತನಕ ನೋಡಿರಲಿಲ್ಲ. ಚೀಲದಿಂದ ಬಾಟಲಿ ತೆಗೆದು ಕಟ್ಟೆಯ ಮೇಲೆ ಕುಕ್ಕಿದೆ. "ನಿನ್ನೆ ನೀವೇ ಸಹಿ ಹಾಕಿದ ಬಟ್ಟಿ ನೀರು. ಒಂದು ಕಾಳು ಉಪ್ಪಿಲ್ಲ. ಈ ನೀರೇ ಉಪ್ಪಾದರೆ ಆಸ್ಪತ್ರೆಗೆ ಹೋದ ಮೂಟೆ ಏನು ಸಾರ್? ಹೇಳಿ. ಜೋರಾಗಿ ಹೇಳಿ!"

"ಚೊಂಬಿನಲ್ಲೇ ಏನಾದರೂ ಸವರಿರ್ತಾನೆ" ಅಂದ ತಪಾಸಣೆಯವನು. ಸಾಹೇಬರು ಅವನ ಕಡೆ ನೋಡಲೂ ಇಲ್ಲ. ಬಾಟಲಿಯ ಮೇಲಿದ್ದ ತಮ್ಮ ಸಹಿಯನ್ನು ಬೆರಳಿನಿಂದ ಮುಟ್ಟಿದರು. ಅಷ್ಟರಲ್ಲಿ ಜುಲೇಖಾ ಮೇಡಂ ಒಳಗಿನಿಂದ ಹೊಸ ಬಾಟಲಿ ತಂದು ಎಲ್ಲರೆದುರಿಗೆ ಮೊಹರು ಒಡೆದರು. ಇನ್ನೊಂದು ಕೈಯಲ್ಲಿ ತೊಟ್ಟಿಯ ತಳದಲ್ಲಿ ಹೇಗೋ ಉಳಿದುಕೊಂಡಿದ್ದ ಒದ್ದೆ ನಳಿಗೆ. ಒಂದೇ ಬಾಟಲಿಯ ನೀರನ್ನು ಒದ್ದೆ ನಳಿಗೆಗೂ ಒಣ ನಳಿಗೆಗೂ ಹಾಕಿ ಎರಡಕ್ಕೂ ಹನಿ ಬಿಟ್ಟರು. ಒಣಗಿದ್ದು ಬೆಳ್ಳಗಾಯಿತು. ಒದ್ದೆಯದರಲ್ಲಿ ಆಚೆಯ ಜನರ ಮುಖ ಕಾಣುವಷ್ಟು ತಿಳಿ. ಮೇಡಂ ಈ ಸಲ ಪ್ರೊಬೇಶನ್ನಿನ ಮಾತು ಆಡಲಿಲ್ಲ.

ಆಮೇಲೆ ನಡೆದದ್ದನ್ನು ಊರು ಇವತ್ತಿಗೂ ಹೇಳಿಕೊಳ್ಳುತ್ತದೆ. ಚನ್ನವೀರಯ್ಯನವರು ಪಕ್ಕದ ಬಾಗಿಲು ತಳ್ಳಿಕೊಂಡು ಹೊರಗೆ ಬಂದು ಓಡಿದರು. ಅರವತ್ತಕ್ಕೆ ಬಂದ ಮನುಷ್ಯ, ಬೊಜ್ಜು ಹೊಟ್ಟೆ, ಬಿಳಿ ಕೋಟು. "ನಿಲ್ಲಿಸ್ರೋ! ಗುರುಬಸಪ್ಪಾ! ಗಾಡಿ ನಿಲ್ಲಿಸ್ರೋ!" ಅಂತ ಇಳಿಜಾರಿನಲ್ಲಿ ಕೂಗುತ್ತಾ ಹೋದದ್ದು ಗಾಣದ ತಿರುವಿನ ತನಕ ಕೇಳಿಸಿತು. ನನ್ನ ಕಾಲರು ಹರಿದವನು ತನ್ನ ಕೈಯಲ್ಲಿದ್ದ ಪೊಟ್ಟಣವನ್ನೇ ನೋಡುತ್ತಿದ್ದ. ಮೇಡಂ ಗೂಟದ ಮೇಲಿನ ನಳಿಗೆಗಳನ್ನು ಬಾಚಿ ಬಾಚಿ ಬಟ್ಟಿ ನೀರಿನ ತೊಟ್ಟಿಗೆ ಹಾಕುತ್ತಿದ್ದರು. ಎರಡು ಒಡೆದವು. ತಪಾಸಣೆಯವನು ಏನೋ ಬರೆದುಕೊಳ್ಳುವವನ ಹಾಗೆ ತಲೆ ಬಗ್ಗಿಸಿಕೊಂಡಿದ್ದ.

ಅರ್ಧ ಗಂಟೆಯ ಮೇಲೆ ಗಾಡಿ ತಿರುಗಿ ಬಂತು. ಒಂದು ಕಡೆ ಗುರುಬಸಪ್ಪ, ಇನ್ನೊಂದು ಕಡೆ ಸಾಹೇಬರು ನೂಕುತ್ತಿದ್ದರು. ಮೂಟೆಯ ಬಾಯಿ ಬಿಚ್ಚಿತ್ತು, ಆದರೆ ಅಳತೆ ಪಾತ್ರೆ ಇನ್ನೂ ಅದರೊಳಗೇ ಇತ್ತು. "ಪೀಪಾಯಿಗೆ ಬಗ್ಗಿಸೋಕೆ ಕೈ ಎತ್ತಿದ್ದೆ" ಅಂದ ಗುರುಬಸಪ್ಪ, ಯಾರನ್ನೂ ನೋಡದೆ. ಮೇಡಂ ಒದ್ದೆ ನಳಿಗೆಯಲ್ಲಿ ಚಿಟಿಕೆ ಕರಗಿಸಿ ಹನಿ ಬಿಟ್ಟರು. ತಿಳಿಯಾಗೇ ಉಳಿಯಿತು. ಒಳಗೆ ಹೋಗಿ ಇನ್ನೆರಡು ಪರೀಕ್ಷೆ ಮಾಡಿ ಬಂದು, ಅದು ಏನು ಅಂತ ಸಾಲಿಗೆ ಕೂಗಲಿಲ್ಲ. ರಿಜಿಸ್ಟರಿನಲ್ಲಿ ಬರೆದು ಸಾಹೇಬರ ಮುಂದೆ ತಿರುಗಿಸಿದರು. ಅವರು ಓದಿ, ಎದ್ದು ನಿಂತು, ತಾವೇ ಕೂಗಿದರು. "ಆಸ್ಪತ್ರೆ. ಪಾಷಾಣ."

ಮೇಲುಕೇರಿಯವರ ಮನೆಗಳಿಂದ ಗಡಿಗೆ ಗಡಿಗೆ ಹಳೆಯ ಉಪ್ಪುನೀರು ಆಸ್ಪತ್ರೆಗೆ ಹೊರಟಿತು. ಯಾರೂ ಕೇಳಿರಲಿಲ್ಲ, ಹೆಂಗಸರೇ ತಂದರು. ಚಿಕ್ಕಮ್ಮ ಬದುಕುತ್ತಾಳೆ ಅನ್ನುವುದು ನನಗೆ ಆಗ ಖಾತ್ರಿಯಾಯಿತು. ಗೆದ್ದೆ ಅನ್ನಿಸಬೇಕಿತ್ತು.

ಸಾಹೇಬರು ನನ್ನ ಹತ್ತಿರ ಬಂದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಈ ಸಲ ಸಾಲಿಗೆ ಕೇಳದ ಹಾಗೆ ಮಾತಾಡಿದರು. "ಸೋಮವಾರ ನೀನು ಹೇಳಿದೆ, ನಾನು ಕೇಳಲಿಲ್ಲ. ಅದು ನನ್ನ ತಪ್ಪು. ಬರೆದು ಸಹಿ ಹಾಕಿ ಕೊಡ್ತೀನಿ, ಏನು ಮಾಡ್ತಾರೋ ಮಾಡಲಿ. ಆದರೆ ಮಂಗಳವಾರ ಬೆಳಿಗ್ಗೆ ನೀನು ಬಕೆಟ್ ಹಿಡಿದು ನನ್ನ ಬೆನ್ನ ಹಿಂದೆಯೇ ಇದ್ದೆ. ನಾನು ಕೆಳಕೇರಿ ಅಂದೆ, ಉಪ್ಪು ಅಂದೆ, ಚೀಟಿ ಹರಿದೆ. ನೀನು ಎಲ್ಲ ನೋಡಿದೆ. ಇವತ್ತು ಕಿರುಚಿದ ಬಾಯಿ ಆವತ್ತು ಯಾಕೆ ತೆರೆಯಲಿಲ್ಲ ಹೇಳು."

ನೋಡಿದ್ದೆ. ನಳಿಗೆಗಳ ಒಳಗೆ ಉಸಿರು ಬಿಟ್ಟ ಹಾಗೆ ಮಬ್ಬು ಕೂತಿತ್ತು. ನಮ್ಮ ಕೇರಿಯ ಮೂಟೆ ಅನ್ನುವುದೂ ಗೊತ್ತಿತ್ತು. ಸಕ್ಕರೆಯೋ ಪಟಿಕವೋ ಆಗಿರುತ್ತೆ, ಒಂದು ಹೊತ್ತಿನ ಸಾರು ಕೆಡುತ್ತೆ, ಆ ಅಧಿಕಾರಿಯ ಎದುರಿಗೆ ಈ ಮುದುಕನ ಮಾನ ಹೋಗುತ್ತೆ, ಹೋಗಲಿ ಅಂದುಕೊಂಡು ಬಕೆಟ್ ಹಿಡಿದು ನಿಂತಿದ್ದೆ. ನಕ್ಕರಲ್ಲ, ಈಗ ಅನುಭವಿಸಲಿ ಅಂತ ಒಳಗೊಳಗೇ ಖುಷಿಯೂ ಆಗಿತ್ತು.

ಮೇಡಂ ನನ್ನ ಏಪ್ರನ್ನು ಹಿಡಿದುಕೊಂಡು ಬಂದು ನಮ್ಮಿಬ್ಬರ ಪಕ್ಕ ನಿಂತರು. ಸಾಹೇಬರು ಕಣ್ಣು ತೆಗೆಯದೆ ಕಾಯುತ್ತಿದ್ದರು. ಜನ ಪೊಟ್ಟಣ ಹಿಡಿದುಕೊಂಡು ನಮ್ಮ ಕಡೆಯೇ ನೋಡುತ್ತಿದ್ದರು. ನಾನು ಏಪ್ರನ್ನು ಮುಟ್ಟದೆ, ಹರಿದ ಕಾಲರನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಸಾಲಿನ ಪಕ್ಕದಿಂದ, ಯಾರ ಮುಖವನ್ನೂ ನೋಡದೆ, ಗೇಟು ದಾಟಿ ಇಳಿಜಾರಿಗೆ ಇಳಿದೆ.